ಎತ್ತಿದ ಕೈ

ಮಾರ್ಚ್ ೧೪, ಮಂಗಳವಾರ

ಈ ದಿನ ನಾನು, ಪೂರ್ಣ ಎಚ್ಚರದಲ್ಲಿದ್ದು, ಬಾಯಿ ಬಿಟ್ಟುಕೊಂಡೇ ಒಂದು ಸುಳ್ಳು ಹೇಳಿದ್ದೇನೆ. ಹೇಳಿದ್ದು ಬಾಯಿಂದಲ್ಲ, ಕೈಯಿಂದ.

ವಾರವಿಡೀ ಕುಣಿಸಿದ ದವಡೆ ಹಲ್ಲಿನ ನೋವು ಮೊನ್ನೆ ತಾನಾಗಿಯೇ ನಿಂತಿತು. ಆದರೂ ದಂತವೈದ್ಯೆಯಾದ ನಾದಿನಿ ರೂಟ್ ಕೆನಾಲ್ ಆಗಲೇಬೇಕು ಎನ್ನುತ್ತಾಳೆ. ನೋಯದ ಹಲ್ಲನ್ನು ಯಾಕೆ ಕೊರೆಯಬೇಕು? ನನ್ನ ಬಾಯಿ ಮುಚ್ಚಿಸಲು ಅಕ್ಕ ತಂಗಿ ಸೇರಿ ಹೂಡಿದ ಸಂಚೆಂಬ ಗುಮಾನಿ ಈಗಲೂ ಪೂರ್ತಿ ಹೋಗಿಲ್ಲ.

ಹಲ್ಲಿಗೆ ಜೀವವಿದೆಯೇ ಎಂದು ನೋಡಲು ಅವಳು ತಣ್ಣನೆಯ ಹತ್ತಿಯನ್ನು ಒಂದೊಂದೇ ಹಲ್ಲಿಗೆ ಮುಟ್ಟಿಸಿದಳು. "ಭಾವ, ಜುಮ್ ಅಂದ್ರೆ ಕೈ ಎತ್ತಿ." ನೋವಿದ್ದ ಆ ಹಲ್ಲಿಗೆ ಏನೂ ಅನ್ನಿಸಲಿಲ್ಲ. ಆದರೂ, ಜೀವವಿದೆ ಎಂದಾದರೆ ಕೊರೆತ ತಪ್ಪೀತೆಂದು ಕೈ ಎತ್ತಿದೆ. ಅವಳು ಹುಬ್ಬು ಹಾರಿಸಿ ಮತ್ತೊಮ್ಮೆ ಮುಟ್ಟಿಸಿದಳು. ಮತ್ತೆ ಎತ್ತಿದೆ.

"ಭಾವ, ಈ ಸಲ ಇಟ್ಟಿದ್ದು ಒಣ ಹತ್ತಿ!"

ಪಕ್ಕದಲ್ಲಿದ್ದ ನನ್ನ ಹೆಂಡತಿ, "ಸುಳ್ಳು ಹೇಳೋದ್ರಲ್ಲಿ ಇವರದು ಎತ್ತಿದ ಕೈ ಕಣೇ," ಎಂದಳು.

"ನೋವು ನಿಂತಿದ್ದು ವಾಸಿಯಾಗಿ ಅಲ್ಲ ಭಾವ, ಒಳಗಿನ ನರ ಸತ್ತು. ಬೇರಿನ ತುದೀಲಿ ಕೀವು ಹಾಗೇ ಇದೆ, ಎಕ್ಸ್‌ರೇ ನೋಡಿ. ಬಿಟ್ರೆ ಒಂದಿನ ಮುಖಾನೇ ಊದ್ಬಹುದು. ಮರಗಟ್ಟಿಸಿಯೇ ಮಾಡ್ತೀನಿ, ಹೆದರ್ಬೇಡಿ."

"ಹೆದರಿಕೆನಾ? ನನಗಾ? ಇದು ವಿಚಾರವಂತನ ಸಂಶಯ ಅಷ್ಟೇ," ಎಂದು ಗತ್ತಿನಿಂದಲೇ ಗುರುವಾರಕ್ಕೆ ಒಪ್ಪಿಕೊಂಡೆ.

ನಾನು ಎರಡು ಸಲ ಸುಳ್ಳು ಹೇಳಿದೆನೆಂದು ಇಬ್ಬರೂ ಇನ್ನೂ ನಗುತ್ತಿದ್ದಾರೆ. ಹೇಳಿದ್ದು ಒಂದೇ ಸಲ. ಒಣ ಹತ್ತಿ ಮುಟ್ಟಿದಾಗ ನನಗೆ ನಿಜವಾಗಿಯೂ ಜುಮ್ ಎಂದಿತ್ತು. ಹಲ್ಲಿನಲ್ಲಲ್ಲ, ಅಂಗಾಲಿನಿಂದ ನೆತ್ತಿಯವರೆಗೆ.