ಎಡಪಕ್ಕೆಯ ಗುಳಿ

ಫೆಬ್ರವರಿ 9, ಬೆಳಗ್ಗೆ 6.40
ಮೈನಸ್ ಹದಿನೆಂಟು. ತೊಟ್ಟಿಯ ಐಸು ಒಡೆದು ಬಂದೆ. ಗಬ್ಬದ ಚೊಚ್ಚಲು ಕಡಸುಗಳಿಗೆ ಇವತ್ತಿನಿಂದ ಆಲ್ಫಾಲ್ಫಾ ಮೇವು ಬಂದ್. ಹಳೇ ಒರಟು ಹುಲ್ಲೇ ಗತಿ. ಹೋದ ವರ್ಷ ಕರು ದಪ್ಪವಾಗಿ, ಅದರ ಕಾಲಿಗೆ ಸರಪಳಿ ಹಾಕಿ ಎಳೆದರೂ ತಾಯಿ ಉಳಿಯಲಿಲ್ಲ. ಆ ಪಾಡು ಮತ್ತೆ ಬೇಡ. ಒಳ್ಳೇ ಮೇವು ತಪ್ಪಿಸಿದರೆ ಕರು ಸಣ್ಣದಾಗುತ್ತದೆ — ನಮ್ಮಪ್ಪ ಮಾಡುತ್ತಿದ್ದದ್ದೂ ಅದನ್ನೇ.

ಮಗಳು ಲೋರ್ನಾ ಮುಖ ಗಂಟು ಹಾಕಿಕೊಂಡಳು. "ಕರು ಸಣ್ಣಗಾಗಲ್ಲಪ್ಪ, ತಾಯಿ ಸಣ್ಣಗಾಗ್ತಾಳೆ."

"ನಿನ್ನ ಕಾಲೇಜಲ್ಲಿ ಎಷ್ಟು ಕರು ಎಳೆದಿದ್ದೀಯೇ?"

ಗೇಟು ದಡಾರನೆ ಹಾಕಿಕೊಂಡು ಹೋದಳು. ನೆಬ್ರಾಸ್ಕಾದ ಗಾಳಿಯೇ ವಾಸಿ, ಅದಾದರೂ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಫೆಬ್ರವರಿ 20
61ನೇ ನಂಬರಿನ ಕಡಸು ಸರಿಯಾಗಿ ಮೇವು ತಿನ್ನುತ್ತಿಲ್ಲ. ನಾಲ್ಕು ಬಾಯಿ ತಿಂದು ಸುಮ್ಮನೆ ನಿಲ್ಲುತ್ತಾಳೆ. ನನ್ನ ಹೆಂಡತಿ ಐರೀನ್ ತೀರಿಕೊಳ್ಳುವ ಮುಂಚೆ ಬಾಟಲಿ ಹಾಲು ಕುಡಿಸಿ ಸಾಕಿದ ಕೊನೆಯ ಕರು ಇವಳು... ಹೊಟ್ಟೆ ಮಾತ್ರ ಡೋಲು. ತಿನ್ನದವಳಿಗೆ ಅಷ್ಟು ಹೊಟ್ಟೆ ಬರುತ್ತದೆಯೇ? ಆದರೂ ಕಸಿವಿಸಿ. ರಾತ್ರಿ ಮೂರು ಸಲ ಎದ್ದು ಹೋಗಿ ನೋಡಿ ಬಂದೆ.

ಫೆಬ್ರವರಿ 23, ಮಧ್ಯಾಹ್ನ
ಸಗಣಿ ಗಟ್ಟಿ, ಒಣಕಲು. ಮೆಲುಕು ಹಾಕುವುದೂ ಕಡಿಮೆ. ಊಟಕ್ಕೆ ಬೀನ್ಸ್-ಮಾಂಸದ ಚಿಲಿ ಸಾರು, ಸಿನಮನ್ ಹಾಕಿದ ಸಿಹಿ ರೋಲ್ — ನನಗೂ ಸೇರಲಿಲ್ಲ.

ಲೋರ್ನಾ ಕೈ ಹಿಡಿದು ಎಳೆದುಕೊಂಡು ಹೋದಳು. ಗ್ಲೌಸ್ ಬಿಚ್ಚಿಸಿ, ಕೈಯನ್ನು 61ರ ಎಡಪಕ್ಕೆಗೆ ಒತ್ತಿದಳು. ಮುಷ್ಟಿ ಒಳಕ್ಕೇ ಹೋಯಿತು.

"ಮೇವಿನ ಚೀಲ ಇರೋದಿಲ್ಲಿ. ಅರ್ಧನೂ ತುಂಬಿಲ್ಲ. ಈಗ ಬಲಗಡೆ, ಕೆಳಗೆ ಮುಟ್ಟು."

ಒಳಗಿನಿಂದ ಏನೋ ಒದೆಯಿತು.

"ಅದು ಮೇವಲ್ಲಪ್ಪ, ಕರು. ಅದು ಬೆಳೆದಂಗೆಲ್ಲ ಮೇವಿಗೆ ಜಾಗ ಕಮ್ಮಿ. ಒರಟು ಹುಲ್ಲು ಬೇಗ ಕರಗಲ್ಲ. ಅದು ಕರಗೋವರೆಗೂ ಇವಳಿಗೆ ಇನ್ನೊಂದು ಬಾಯಿ ತಿನ್ನಕ್ಕಾಗಲ್ಲ. ನೀನು ಹೊಟ್ಟೆ ನೋಡ್ಕೊಂಡು ಖುಷಿಯಾಗಿದ್ದೀಯ!"

ನಲವತ್ತು ವರ್ಷ ಹೊಟ್ಟೆ ನೋಡಿಯೇ ದನ ಅಳೆದವನು ನಾನು. ನಾಚಿಕೆಯಾಯಿತು. ಆಲ್ಫಾಲ್ಫಾ ನಾನೇ ಹೊತ್ತು ಹಾಕಿದೆ.

ಮಾರ್ಚ್ 2, ಬೆಳಗ್ಗೆ 10
61 ಈದಳು, ಸರಪಳಿ ಹಾಕಿಯೇ ಎಳೆಯಬೇಕಾಯಿತು. ಕರು ಹೆಣ್ಣು, ಜೀವಂತ. ಸಣ್ಣದೇನಲ್ಲ. ತಿಣುಕಲು ತಾಯಿಯಲ್ಲಿ ಕಸುವೇ ಇರಲಿಲ್ಲ. ಏನನ್ನು ತಪ್ಪಿಸಲು ಅವಳ ಮೇವು ಕಡಿದೆನೋ ಅದನ್ನೇ ತಂದುಕೊಂಡೆ.

11.30
61 ಇನ್ನೂ ಎದ್ದಿಲ್ಲ. ಲೋರ್ನಾ ಗೋಣಿಚೀಲದಿಂದ ಅವಳ ಬೆನ್ನು ತಿಕ್ಕುತ್ತಿದ್ದಾಳೆ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

12.15
ನಾನು ಕೈಯಲ್ಲಿ ಹಿಡಿದ ಆಲ್ಫಾಲ್ಫಾದಿಂದ 61 ಒಂದೆಳೆ ಎಳೆದುಕೊಂಡಳು. ಆಮೇಲೆ ಇನ್ನೊಂದು. ಕಾಫಿಗೆಂದು ಒಳಗೆ ಬಂದೆ, ಬೂಟು ಬಿಚ್ಚಿಲ್ಲ, ಕೂರಲಾಗುತ್ತಿಲ್ಲ. ಐರೀನ್ ಇದ್ದಿದ್ದರೆ ಏನನ್ನುತ್ತಿದ್ದಳೋ... ಲೋರ್ನಾ ಕೊಟ್ಟಿಗೆಯಿಂದ ಕೂಗುತ್ತಿದ್ದಾಳೆ — "ಅಪ್ಪಾ! ಏಳ್ತಿದ್ದಾಳೆ, ಹಿಂಗಾಲು ಎತ್ತಿದ್ಳು! ಓಡಿ ಬಾ, ಅವಳಿಗೆ ಆತುಕೊಳ್ಳಕ್ಕೆ ಒಂದು ಹೆಗಲು ಬೇಕು —"