ಬಾಳೆಗೊನೆಯಿಂದ ಉದುರಿದ ತೊಗರಿ

ಕಲಬುರಗಿ
ನವೆಂಬರ್ 10, 1994

ಪ್ರೀತಿಯ ಲಲಿತಾ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು. ನಮ್ಮ ಗೈಡ್ ವಾಸುದೇವ ಸರ್, ಶಾಲೆ ಬಿಟ್ಟ ಹುಡುಗಿಯರ ಕುರಿತ ನಿನ್ನ ಎಂ.ಫಿಲ್. ಪ್ರಬಂಧದ ಇಂಗ್ಲಿಷ್ ಸಾರಾಂಶವನ್ನು ಮತ್ತೆ ವಾಪಸ್ ಕಳಿಸಿದರೆಂದು ಇಡೀ ಪ್ರಬಂಧವನ್ನೇ ಟ್ರಂಕಿಗೆ ಹಾಕಿ ಕೂತಿದ್ದೀಯಂತೆ. ಕಮಲಾಪುರದ ಕನ್ನಡ ಶಾಲೆಯಲ್ಲಿ ಕಲಿತವಳಿಗೆ ಆ ಒಂದು ಪುಟ ಆಗದ ಮಾತು, ನಾನೇ ಬರೆದುಕೊಡಬೇಕಂತೆ. ಬರೆಯುವುದಿಲ್ಲ. ನಾನೇನು ವಿಲಾಯತ್ತಿನಲ್ಲಿ ಕಲಿತೆನೇ? ಒಂದೇ ಬೆಂಚಿನವರು ನಾವು.

ನನ್ನ ಸಾರಾಂಶದ ಇಂಗ್ಲಿಷನ್ನು ಸರ್ ಹೊಗಳಿದ್ದು ನಿನಗೆ ಗೊತ್ತು. ಅದು ನನ್ನದಲ್ಲವೆಂಬುದು ಗೊತ್ತಿಲ್ಲ. ನಮ್ಮ ವಿಭಾಗದ ರೂಢಿಯೇ ಅದು. ಹಿಂದಿನ ವರ್ಷದವರ ಸಾರಾಂಶ ತಂದು, ಊರಿನ ಹೆಸರು, ಬೆಳೆಯ ಹೆಸರು ಬದಲಿಸಿ ಜಗತ್ ಚೌಕದ ಅಂಗಡಿಯಲ್ಲಿ ಟೈಪ್ ಮಾಡಿಸುವುದು. ನಾನು ಹಿಂದಿನ ವರ್ಷದ ದೇವಿಂದ್ರಪ್ಪನ ಹತ್ತಿರ ಇಸಿದುಕೊಂಡು, ತೊಗರಿ ಇದ್ದಲ್ಲೆಲ್ಲ ನಮ್ಮೂರಿನ ಕೆಂಪು ಬಾಳೆಯನ್ನು ಕೂರಿಸಿದೆ.

ವೈವಾದ ದಿನ ಧಾರವಾಡದಿಂದ ಬಂದ ಪರೀಕ್ಷಕರು ನನ್ನ ಸಾರಾಂಶದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಏನವ್ವಾ, ಬಾಳಿಗೊನಿ ಒಣಗಿಸಿ ಬಡದರ ಯಾವ ಕಾಳು ಉದರತಾವ?" ಅಂದರು. ಎಲ್ಲರೂ ನಕ್ಕರು. ನಾಚಿಕೆಯಿಂದ ಸತ್ತುಹೋದೆ, ಆದರೂ ನನಗೂ ನಗು ತಡೆಯಲಾಗಲಿಲ್ಲ. ಅವರು ಹಾಳೆ ಮಡಚಿಟ್ಟು, "ನೀ ಕಂಡಿದ್ದೇನದ, ಅಷ್ಟ ಹೇಳು" ಅಂದರು. ಕೆಂಪು ಬಾಳೆ ಕೊಳ್ಳುವವರು ಹೆಚ್ಚಾಗಿ ತಾವು ತಿನ್ನುವುದಿಲ್ಲ, ಬೀಗರಿಗೋ ರೋಗಿಗೋ ಒಯ್ದು ಕೊಡುತ್ತಾರೆ, ಅದಕ್ಕೇ ಚೌಕಾಸಿ ಮಾಡುವುದಿಲ್ಲ ಎಂದು ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅದನ್ನೇ ಬರೆದುಕೊಡು ಅಂದರು. ವರಾಂಡದಲ್ಲಿ ಕೂತು ಬರೆದೆ. ಇಂಗ್ಲಿಷ್ ಚೆನ್ನಾಗಿದೆ ಎಂದು ಯಾರೂ ಅನ್ನಲಿಲ್ಲ, ಪಾಸು ಮಾಡಿದರು.

ಈಗ ನೀನು ಕಾಗದದ ಜೊತೆ ಕಳಿಸಿದ ಪುಟ. ಬರೀ ದೊಡ್ಡ ದೊಡ್ಡ ಶಬ್ದ, ಅದರೊಳಗೆ ನೀನು ಎಲ್ಲೂ ಇಲ್ಲ. ದೀಪಾವಳಿಗೆ ನಾನು ಊರಿಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ನನಗೇನು ಹೇಳಿದಿ? ನಮ್ಮೂರ ಹುಡುಗಿಯರು ನಪಾಸಾಗಿ ಶಾಲೆ ಬಿಡುವುದಿಲ್ಲ, ಅಕ್ಕನ ಮದುವೆಯಾಗಿ ಮನೆಗೆಲಸಕ್ಕೆ ಕೈ ಸಾಲದಾದಾಗ ಬಿಡುತ್ತಾರೆ ಅಂದಿ. ನಮ್ಮ ದೊಡ್ಡಕ್ಕ ಆಪಾನ ಮದುವೆಯಾದಾಗ ತಂಗಿ ಮೆಹಬೂಬಿ ಶಾಲೆ ಬಿಟ್ಟಳು, ಹಾಗಾಗಿ ನಾನು ಓದಿದೆ. ಆ ಮಾತು ಮೊದಲನೆಯ ಸಾಲಿನಲ್ಲಿರಲಿ, ನಿನಗೆ ಬರುವ ಇಂಗ್ಲಿಷಿನಲ್ಲೇ. ಪ್ರಬಂಧ ಒಪ್ಪಿಸಲು ಸೋಮವಾರ ಕಡೆಯ ದಿನ. ಅದು ತಪ್ಪಿದರೆ ಮನೆ ಮನೆ ತಿರುಗಿ ನೀನು ಕೂಡಿಸಿದ್ದೆಲ್ಲ ಟ್ರಂಕಿನ ಪಾಲು. ನಿನ್ನಿಂದ ಆಗುತ್ತದೆ, ನನಗೆ ಸಂಶಯವೇ ಇಲ್ಲ.

ನಿನ್ನ ಬೆಂಚಿನ ಗೆಳತಿ,
ನೂರಜಹಾನ್

ತಾ.ಕ.: ದೇವಿಂದ್ರಪ್ಪನನ್ನು ಹಿಡಿದು ಕೇಳಿದೆ. ಆ ತೊಗರಿಯ ಸಾರಾಂಶ ಅವನದೂ ಅಲ್ಲವಂತೆ. ಗ್ರಂಥಾಲಯದಲ್ಲಿರುವ ವಾಸುದೇವ ಸರ್ ಅವರ ಹಳೆಯ ಪ್ರಬಂಧದಿಂದ ಇಳಿಸಿಕೊಂಡದ್ದಂತೆ. ನನ್ನ ಇಂಗ್ಲಿಷ್ ಅವರಿಗೆ ಯಾಕೆ ಅಷ್ಟು ಸೇರಿತ್ತೆಂದು ಈಗ ತಿಳಿಯಿತೇ? ಹೆದರಬೇಡ, ಸೋಮವಾರ ಮೊದಲನೆಯ ಬಸ್ಸಿಗೆ ಬಾ. ಅವರ ಕೋಣೆಗೆ ನಾನೂ ಬರುತ್ತೇನೆ.