ಇಬ್ಬರ ಓಟ

ಬ್ಯಾಸ್ಕೆಟ್‌ಬಾಲ್ ಅಂಕಣದ ಸಾರ್ವಭೌಮರೂ ನನ್ನ ಏಕೈಕ ಚಿಕ್ಕಪ್ಪನವರೂ ಆದ ತಮ್ಮ ಸನ್ನಿಧಾನಕ್ಕೆ,

ಅಪರಾಧಿಯ ನಮಸ್ಕಾರಗಳು.

ತಾವು ರೆಫರಿ ಸಮಿತಿಗೆ ಬರೆದ ವರದಿಯನ್ನು ನಿನ್ನೆ ಭಕ್ತಿಯಿಂದ ಮೂರು ಸಲ ಓದಿದೆ. “ಫೈನಲ್‌ನ ಕೊನೆಯ ನಿಮಿಷದಲ್ಲಿ ನನ್ನ ಜೊತೆಗಾರ ಬುಟ್ಟಿಯ ಕೆಳಗೆ ತಡವಾಗಿ ತಲುಪಿದ್ದರಿಂದ ಫೌಲ್ ಕಣ್ತಪ್ಪಿತು.” ಅಕ್ಷರಗಳು ಎಂದಿನಂತೆ ದುಂಡಗಿವೆ.

ಚೆಂಡು ದಿಕ್ಕು ಬದಲಿಸಿದ ಕೂಡಲೇ ಇಬ್ಬರು ರೆಫರಿಗಳಲ್ಲಿ ಆಟಗಾರರ ಹಿಂದಿದ್ದವನು ಎದುರು ಬುಟ್ಟಿಯತ್ತ ಓಡಬೇಕು, ಈ ಬುಟ್ಟಿಯ ಕೆಳಗಿದ್ದವನು ನಿಧಾನವಾಗಿ ಹಿಂದೆ ಬರಬೇಕು ಎಂದು ನನಗೆ ಕಲಿಸಿದವರು ನೀವೇ. ಅಂದು ಹಿಂದಿದ್ದವರು ನೀವು, ಬುಟ್ಟಿಯ ಕೆಳಗಿದ್ದವನು ನಾನು. ಆದರೂ ಅಂಕಣದ ಆ ತುದಿಯಿಂದ ಈ ತುದಿಗೆ ಓಡಿದ್ದು ನಾನೇ. ಏಕೆಂದರೆ ಈ ಸೀಸನ್ನಿನ ಮೊದಲ ದಿನ, ಬಟ್ಟೆ ಬದಲಿಸುವ ಕೋಣೆಯಲ್ಲಿ ಮಂಡಿಗೆ ಪಟ್ಟಿ ಸುತ್ತುತ್ತಾ ನೀವು, “ಲೋ ಕೋತಿ, ನನ್ನ ಪಾಲಿನ ಓಟಾನೂ ನೀನೇ ಓಡ್ಬಿಡೋ. ಯಾರ್ಗೂ ಹೇಳ್ಬೇಡ, ಗೊತ್ತಾದ್ರೆ ಮನೇಲಿ ಕೂರಿಸ್ತಾರೆ” ಅಂದಿದ್ದಿರಿ. ನಿಮ್ಮ ಎರಡೂ ಶೂಗಳ ಲೇಸನ್ನು ಒಂದಕ್ಕೊಂದು ಗಂಟುಹಾಕಿ ನಗುತ್ತಿದ್ದ ನಾನು, ಈ ಗುಟ್ಟನ್ನು ಮಾತ್ರ ಚಿಕ್ಕಮ್ಮನಿಗೂ ಬಿಟ್ಟುಕೊಡಲಿಲ್ಲ.

ನನ್ನ ಪರವಾನಗಿ ಇರಬೇಕೋ ಹೋಗಬೇಕೋ ಎಂದು ಸೋಮವಾರ ಸಮಿತಿ ತೀರ್ಮಾನಿಸುತ್ತದೆ. ನಿಮ್ಮ ಮಂಡಿಯ ವಿಷಯ ನನ್ನ ಬಾಯಿಂದ ಬರುವುದಿಲ್ಲ. ಅದನ್ನು ಹೇಳಬೇಕಾದವರು ನೀವು. ಬೆಳಿಗ್ಗೆ ಹತ್ತಕ್ಕೆ ಬನ್ನಿ. ಆ ಕಟ್ಟಡದಲ್ಲಿ ಮೆಟ್ಟಿಲು ಬಹಳ, ಲಿಫ್ಟ್ ಹಿಂಬಾಗಿಲ ಪಕ್ಕದಲ್ಲಿದೆ.

ಬರಲು ಮನಸ್ಸಾಗದಿದ್ದರೆ, ನಿಮ್ಮ ಹೊಸ ಜೊತೆಗಾರನಿಗಾದರೂ ಎಷ್ಟು ಓಡಬೇಕೆಂದು ಮೊದಲೇ ಹೇಳಿಬಿಡಿ. ತಡವಾದರೆ ತಪ್ಪು ಯಾರದೆಂಬುದನ್ನೂ ಹೇಳಿ.

ಇಂತಿ,
ತಮ್ಮ ಮಾಜಿ ಜೊತೆಗಾರ, ಹಾಲಿ ಅಣ್ಣನ ಮಗ